ಸೋತರೂ ಸ್ಟೇಡಿಯಂ ತುಂಬುವುದೇಕೆ? ಅಮೆರಿಕದ ಕಾಲೇಜು ಫುಟ್‌ಬಾಲ್ ಅಭಿಮಾನದ ಬೇರು ಹುಡುಕುತ್ತಾ

ಅಮೆರಿಕದ ನೆಬ್ರಾಸ್ಕಾ ರಾಜ್ಯ ವಿಸ್ತೀರ್ಣದಲ್ಲಿ ಕರ್ನಾಟಕಕ್ಕಿಂತ ತುಸು ದೊಡ್ಡದು. ಜನ ಮಾತ್ರ ಹೆಚ್ಚುಕಡಿಮೆ 20 ಲಕ್ಷ. ಅದರ ರಾಜಧಾನಿ ಲಿಂಕನ್‌ನಲ್ಲಿರುವ ಮೆಮೋರಿಯಲ್ ಸ್ಟೇಡಿಯಂನಲ್ಲಿ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಆಡುವಾಗ ಸುಮಾರು 85 ಸಾವಿರ ಮಂದಿ ಕೆಂಪು ಅಂಗಿ ತೊಟ್ಟು ಸೇರುತ್ತಾರೆ. ಆ ಕೆಲವು ತಾಸು ಆ ಸ್ಟೇಡಿಯಂ ರಾಜ್ಯದ ಮೂರನೇ ದೊಡ್ಡ ಊರು. 1962ರ ನವೆಂಬರ್ 3ರಿಂದ ಇಲ್ಲಿಯವರೆಗೆ, ಪ್ರೇಕ್ಷಕರನ್ನೇ ಬಿಡದ ಕೋವಿಡ್ ವರ್ಷವನ್ನು ಬಿಟ್ಟರೆ, ಒಂದು ಪಂದ್ಯದಲ್ಲೂ ಟಿಕೆಟ್ ಮಿಕ್ಕಿಲ್ಲ.

ತಂಡ ಅಷ್ಟೊಂದು ಗೆಲ್ಲುತ್ತದೆ ಎಂದುಕೊಂಡರೆ ತಪ್ಪು. 2017ರಿಂದ 2023ರವರೆಗೆ ಸತತ ಏಳು ವರ್ಷ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು. 2021ರಲ್ಲಂತೂ ಒಂಬತ್ತು ಪಂದ್ಯ ಸೋತಿತು. ಒಂಬತ್ತರಲ್ಲೂ ಅಂತರ ಹತ್ತು ಅಂಕದೊಳಗೆ. ಹೊಟ್ಟೆ ಉರಿಸಲೆಂದೇ ಲೆಕ್ಕ ಹಾಕಿ ಸೋತ ಹಾಗೆ. ಆದರೂ ಮುಂದಿನ ಶನಿವಾರ ಅದೇ ಜನ, ಅದೇ ಸೀಟು.

ಈ ಜನರಲ್ಲಿ ಎಷ್ಟೋ ಮಂದಿ ಆ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರಲ್ಲ. ಹೆಚ್ಚೆಂದರೆ ಐದು ವರ್ಷದೊಳಗೆ ತಂಡದ ಒಬ್ಬೊಬ್ಬ ಆಟಗಾರನೂ ಬದಲಾಗಿಹೋಗುತ್ತಾನೆ. ಹಾಗಿದ್ದರೆ ಎಪ್ಪತ್ತರ ಅಜ್ಜನೊಬ್ಬ ಅರವತ್ತು ವರ್ಷದಿಂದ ನಿಷ್ಠನಾಗಿರುವುದು ಯಾತಕ್ಕೆ? ಈ ಪ್ರಶ್ನೆಗೆ ಈಗ ಹೊಸ ತುರ್ತು ಬಂದಿದೆ. ಆಟಗಾರರಿಗೆ ಸಂಬಳ ಬಂದಿದೆ, ವರ್ಷಕ್ಕೊಂದು ಕಾಲೇಜಿಗೆ ಹಾರುವ ಸ್ವಾತಂತ್ರ್ಯ ಬಂದಿದೆ, ನೂರು ವರ್ಷದ ಲೀಗುಗಳು ಒಡೆದಿವೆ. ‘ಇನ್ನು ಅಭಿಮಾನ ಸತ್ತಿತು’ ಎಂಬ ಗೋಳು ಪ್ರತಿ ಸೀಸನ್ನಿನಲ್ಲೂ ಕೇಳಿಸುತ್ತದೆ. ಗೋಳಿನಲ್ಲಿ ಹುರುಳಿದೆ. ಆದರೆ ಬೈಗುಳ ತಪ್ಪು ಮನೆಯ ಬಾಗಿಲಿಗೆ ಹೋಗುತ್ತಿದೆ. ಆಟಗಾರ ದುಡ್ಡು ತಗೊಂಡ, ತಂಡ ಬಿಟ್ಟ ಎಂಬುದು ಈ ಅಭಿಮಾನದ ಅತ್ಯಂತ ಸಡಿಲ ಎಳೆಯನ್ನು ಮಾತ್ರ ಮುಟ್ಟುತ್ತದೆ. ಗಟ್ಟಿ ಎಳೆಗಳು ಬೇರೆ ಇವೆ, ಅವು ಸದ್ದಿಲ್ಲದೆ ಬೇರೆ ಕಡೆ ಸವೆಯುತ್ತಿವೆ.

ವರ್ಷಕ್ಕೆ ಏಳೇ ದಿನದ ಜಾತ್ರೆ

ಮೊದಲು ಆಟದ ಬಗ್ಗೆ ಎರಡು ಮಾತು. ಇದು ಮೊಟ್ಟೆಯಾಕಾರದ ಚೆಂಡು ಹಿಡಿದು, ಮೈಮೇಲೆ ಬಿದ್ದು ಆಡುವ ಅಮೆರಿಕನ್ ಫುಟ್‌ಬಾಲ್. ನಾಲ್ಕು ಯತ್ನದಲ್ಲಿ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಗೆ. ಕಾಲೇಜುಗಳ ನಡುವೆ ಮೊದಲ ಪಂದ್ಯ ನಡೆದದ್ದು 1869ರ ನವೆಂಬರ್ 6ರಂದು, ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ನಡುವೆ. ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್ ಹುಟ್ಟಿದ್ದು ಅದಾಗಿ ಐವತ್ತು ವರ್ಷದ ಮೇಲೆ, 1920ರಲ್ಲಿ. ಅಷ್ಟರಲ್ಲಿ ಹಳ್ಳಿಗಾಡಿನ ರಾಜ್ಯಗಳಲ್ಲಿ ‘ನಮ್ಮ ತಂಡ’ ಎಂದರೆ ರಾಜ್ಯದ ವಿಶ್ವವಿದ್ಯಾಲಯದ ತಂಡ ಎಂದು ಆಗಿಹೋಗಿತ್ತು. ಅಲಬಾಮಾ, ನೆಬ್ರಾಸ್ಕಾ, ಅಯೋವಾ ರಾಜ್ಯಗಳಲ್ಲಿ ಇಂದಿಗೂ ಎನ್‌ಎಫ್‌ಎಲ್ ತಂಡವಿಲ್ಲ.

ಒಂದು ಸೀಸನ್ನಿಗೆ ಸಾಮಾನ್ಯವಾಗಿ ಹನ್ನೆರಡು ಪಂದ್ಯ. ತವರಿನಲ್ಲಿ ಆರು ಅಥವಾ ಏಳು. ಆಗಸ್ಟ್ ಕೊನೆಗೆ ಶುರುವಾಗಿ ನವೆಂಬರ್ ಮುಗಿಯುವಷ್ಟರಲ್ಲಿ ಈ ಹನ್ನೆರಡೂ ಮುಗಿದಿರುತ್ತವೆ. ಬಹುಪಾಲು ಶನಿವಾರವೇ. ಶನಿವಾರ ಕಾಲೇಜಿನದಾಗಿ ಉಳಿದದ್ದರ ಹಿಂದೆ ಕಾನೂನಿನ ಕೈಯೂ ಇದೆ. 1961ರ ಕ್ರೀಡಾ ಪ್ರಸಾರ ಕಾಯ್ದೆಯು ಟಿವಿ ಒಪ್ಪಂದಗಳಲ್ಲಿ ಎನ್‌ಎಫ್‌ಎಲ್‌ಗೆ ಒಂದು ರಿಯಾಯಿತಿ ಕೊಟ್ಟಿತು. ಅದಕ್ಕೆ ಷರತ್ತೂ ಇತ್ತು: ಸೆಪ್ಟೆಂಬರ್ ಎರಡನೇ ವಾರದಿಂದ ಡಿಸೆಂಬರ್ ಎರಡನೇ ವಾರದವರೆಗೆ ಶುಕ್ರವಾರ ಸಂಜೆ ಹೈಸ್ಕೂಲಿಗೆ, ಶನಿವಾರ ಕಾಲೇಜಿಗೆ ಬಿಡಬೇಕು.

ವರ್ಷಕ್ಕೆ ಏಳು ದಿನ, ಅದೂ ಗೊತ್ತಾದ ವಾರ, ಗೊತ್ತಾದ ಜಾಗ. ಊರಹಬ್ಬ ಗೊತ್ತಿರುವವರಿಗೆ ಇದರ ಬಲ ಬಿಡಿಸಿ ಹೇಳಬೇಕಿಲ್ಲ. ಹತ್ತಿರದವರ ಮದುವೆಯನ್ನು ಈ ಶನಿವಾರಗಳಲ್ಲಿ ಇಟ್ಟುಕೊಂಡರೆ ಅಲಬಾಮಾದಲ್ಲಿ ನೆಂಟರು ಮುಖ ಗಂಟಿಕ್ಕುತ್ತಾರೆ. ಪಂದ್ಯಕ್ಕೆ ಮೂರು ನಾಲ್ಕು ತಾಸು ಮುಂಚೆ ವಾಹನ ನಿಲ್ಲಿಸಿ, ಹತ್ತಡಿ ಚೌಕದ ಡೇರೆ ಹಾಕಿ, ಇದ್ದಿಲ ಒಲೆಯ ಮೇಲೆ ಮಾಂಸ ಸುಟ್ಟು ತಿನ್ನುವ ‘ಟೇಲ್‌ಗೇಟ್’ ಇದೆಯಲ್ಲ, ಅದೇ ಅರ್ಧ ಹಬ್ಬ. ಮಿಸಿಸಿಪಿ ವಿಶ್ವವಿದ್ಯಾಲಯದ ‘ಗ್ರೋವ್’ ಎಂಬ ಹತ್ತು ಎಕರೆ ಮರದ ತೋಪಿನಲ್ಲಿ ಬಿಳಿ ಮೇಜುಬಟ್ಟೆ ಹಾಸಿ, ಬೆಳ್ಳಿ ತಟ್ಟೆಯಿಟ್ಟು ಉಣ್ಣುತ್ತಾರೆ. ಟೆನೆಸ್ಸೀಯಲ್ಲಿ ನದಿಯ ಮೇಲೆ ದೋಣಿ ಕಟ್ಟಿ ಉಣ್ಣುತ್ತಾರೆ. ಆಟ ಗೊತ್ತಿಲ್ಲದ ಸೊಸೆ, ಅಳಿಯ, ಪಕ್ಕದ ಮನೆಯವರು ಮೊದಲು ಒಳಗಾಗುವುದು ಇಲ್ಲಿಯೇ, ಊಟದ ದಾರಿಯಿಂದ.

ಕೈ ಹಿಡಿದು ಕರೆದೊಯ್ದವರು

ಗೆಲುವು ಅಭಿಮಾನಿಯನ್ನು ಹುಟ್ಟಿಸುತ್ತದೆ ಎಂಬುದು ಸುಲಭದ ನಂಬಿಕೆ. ಮನಶ್ಶಾಸ್ತ್ರಜ್ಞ ರಾಬರ್ಟ್ ಚಿಯಾಲ್ಡಿನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇದರ ಒಂದು ಮುಖ ತೋರಿಸಿತು. ಫುಟ್‌ಬಾಲಿಗೆ ಹೆಸರಾದ ಏಳು ವಿಶ್ವವಿದ್ಯಾಲಯಗಳಲ್ಲಿ ಸೋಮವಾರದ ತರಗತಿಗೆ ಎಷ್ಟು ವಿದ್ಯಾರ್ಥಿಗಳು ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುತ್ತಾರೆ ಎಂದು ಎಣಿಸಿದರು. ತಂಡ ಗೆದ್ದ ವಾರ ಹೆಚ್ಚು, ಸೋತ ವಾರ ಕಡಿಮೆ. ಫೋನಿನಲ್ಲಿ ವಿಚಾರಿಸಿದಾಗ ಗೆದ್ದ ಪಂದ್ಯದ ಬಗ್ಗೆ ‘ನಾವು’ ಎನ್ನುವ ಮಾತು ಹೆಚ್ಚು ಬಂತು. ಸೋತ ಪಂದ್ಯದಲ್ಲಿ ಅದು ‘ಅವರು’ ಆಯಿತು. ನಮ್ಮಲ್ಲೂ ‘ಗೆದ್ವಿ ಕಣೋ’ ಮತ್ತು ‘ಸೋತ್ರು ಕಣೋ’ ನಡುವೆ ಇರುವ ವ್ಯತ್ಯಾಸ ಇದೇ.

ಆದರೆ ಇದು ಸೋಮವಾರದ ಟೀ ಶರ್ಟಿನ ಲೆಕ್ಕ. ಐವತ್ತು ವರ್ಷದ ನಿಷ್ಠೆಯ ಲೆಕ್ಕ ಇದರಲ್ಲಿ ಸಿಗುವುದಿಲ್ಲ. ಅದಕ್ಕೆ ಬಾಲ್ಯಕ್ಕೆ ಹೋಗಬೇಕು. ಸೇಥ್ ಸ್ಟೀಫನ್ಸ್-ಡೇವಿಡೋವಿಟ್ಸ್ 2014ರಲ್ಲಿ ಫೇಸ್‌ಬುಕ್ ಲೈಕುಗಳನ್ನು ಹುಟ್ಟಿದ ವರ್ಷದ ಜೊತೆ ಹೊಂದಿಸಿ ನೋಡಿದರು. ಗಂಡುಮಕ್ಕಳು ಜೀವನಪೂರ್ತಿ ಹಚ್ಚಿಕೊಳ್ಳುವ ತಂಡವೆಂದರೆ ಸರಿಸುಮಾರು ಎಂಟನೇ ವಯಸ್ಸಿನಲ್ಲಿ ಗೆಲ್ಲುತ್ತಿದ್ದ ತಂಡ ಎಂದು ತೋರಿತು. ಅದು ಬೇಸ್‌ಬಾಲಿನ ಲೆಕ್ಕ; ಕಾಲೇಜು ಫುಟ್‌ಬಾಲಿಗೆ ಹಾಗೆಯೇ ಅಂಟಿಸಲಾಗದು. ಆದರೂ ಎಂಟು ಎಂಬ ವಯಸ್ಸಿನಲ್ಲಿ ಅರ್ಥವಿದೆ. ಮಗುವಿಗೆ ಅಂಕ ಲೆಕ್ಕ ಹಾಕಲು ಬರುತ್ತದೆ, ಮೂರು ತಾಸು ಕೂರಲು ಬರುತ್ತದೆ, ಮತ್ತು ಅಪ್ಪನ ಜೊತೆ ಎಲ್ಲಿಗೆ ಬೇಕಾದರೂ ಹೋಗಲು ಇಷ್ಟವಿರುತ್ತದೆ. ಹದಿಮೂರಕ್ಕೆ ಆ ಇಷ್ಟ ಹೊರಟುಹೋಗಿರುತ್ತದೆ.

ಕ್ರೀಡಾ ಮಾರುಕಟ್ಟೆ ಅಧ್ಯಯನ ಮಾಡುವ ಡೇನಿಯಲ್ ಫಂಕ್ ಮತ್ತು ಜೆಫ್ ಜೇಮ್ಸ್ 2001ರಲ್ಲಿ ಈ ದಾರಿಯನ್ನು ನಾಲ್ಕು ಮಜಲುಗಳಾಗಿ ವಿಂಗಡಿಸಿದರು: ತಂಡವೊಂದಿದೆ ಎಂಬ ಅರಿವು, ಆಕರ್ಷಣೆ, ಅಂಟು, ಕೊನೆಗೆ ನಿಷ್ಠೆ. ನೆಬ್ರಾಸ್ಕಾದ ಮಗುವಿಗೆ ಮೊದಲ ಮಜಲು ತೊಟ್ಟಿಲಲ್ಲೇ ಮುಗಿಯುತ್ತದೆ, ಏಕೆಂದರೆ ಕೂಸಿಗೆ ಹೊದಿಸಿದ ಬಟ್ಟೆಯೇ ಕೆಂಪು. ಎರಡನೆಯದು ಊಟ, ಬ್ಯಾಂಡು, ಗದ್ದಲ. ಮೂರನೆಯದೇ ಕಷ್ಟದ ಹೊಸ್ತಿಲು. ಅಲ್ಲಿ ಆಟ ಮತ್ತು ಒಬ್ಬ ನಿರ್ದಿಷ್ಟ ಮನುಷ್ಯ ಒಂದಾಗಬೇಕು: ಅಜ್ಜನ ಪಕ್ಕದ ಸೀಟು, ಅಜ್ಜಿ ಕಟ್ಟಿಕೊಟ್ಟ ಸ್ಯಾಂಡ್‌ವಿಚ್, ದಾರಿಯಲ್ಲಿ ಪ್ರತಿ ಸಲ ನಿಲ್ಲಿಸುವ ಅದೇ ಪೆಟ್ರೋಲ್ ಬಂಕ್. ಅಜ್ಜ ಹೋದ ಮೇಲೂ ಸೀಟು ಅಲ್ಲೇ ಇರುತ್ತದೆ. ಆಮೇಲೆ ತಂಡವನ್ನು ಬಿಡುವುದು ಎಂದರೆ ಏನನ್ನು ಬಿಡುವುದು ಎಂದು ಯಾರಿಗಾದರೂ ಅರ್ಥವಾಗುತ್ತದೆ.

ಮಗುವಿನ ಮೊದಲ ಪಂದ್ಯವನ್ನು ಹೇಗೆ ಆಯಬೇಕೆಂದು ಅನುಭವಸ್ಥ ಮನೆಗಳಿಗೆ ಗೊತ್ತು. ಆರರಿಂದ ಎಂಟರ ವಯಸ್ಸು. ಸೆಪ್ಟೆಂಬರ್‌ನಲ್ಲಿ ಬರುವ, ಖಂಡಿತ ಗೆಲ್ಲುವಂಥ ದುರ್ಬಲ ಎದುರಾಳಿಯ ಹಗಲು ಪಂದ್ಯ. ಬ್ಯಾಂಡಿಗೆ ಹತ್ತಿರದ ಸೀಟು, ಏಕೆಂದರೆ ಏಳು ವರ್ಷದ ಮಗು ನೋಡುವುದು ಡೋಲನ್ನು, ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್‌ನನ್ನಲ್ಲ. ಕಿವಿಗೆ ರಕ್ಷಾಕವಚ. ಹೆಚ್ಚಿನ ಸ್ಟೇಡಿಯಂಗಳು ಆಚೀಚೆ ಕಾಣುವ ಪ್ಲಾಸ್ಟಿಕ್ ಚೀಲವನ್ನಷ್ಟೇ ಬಿಡುತ್ತವೆ. ಅದನ್ನು ಮರೆತರೆ ಗೇಟಿನಿಂದ ಕಾರಿನವರೆಗೆ ಮತ್ತೊಮ್ಮೆ ನಡಿಗೆ. ತಂಡ ಮೈದಾನಕ್ಕೆ ನುಗ್ಗುವ ಗಳಿಗೆಗೆ ಸೀಟಿನಲ್ಲಿರಲೇಬೇಕು. ಮಗು ಸುಸ್ತಾದರೆ ಮೂರನೇ ಕ್ವಾರ್ಟರ್‌ನಲ್ಲಿ ಎದ್ದು ಹೊರಡುವುದಕ್ಕೆ ನಾಚಿಕೆ ಬೇಡ.

ಕೆಡುವುದು ಹೇಗೆಂದೂ ಗೊತ್ತು. ನವೆಂಬರ್‌ನ ಕೊರೆಯುವ ಚಳಿಯಲ್ಲಿ ಬದ್ಧವೈರಿಯ ವಿರುದ್ಧದ ರಾತ್ರಿ ಪಂದ್ಯಕ್ಕೆ ಕರೆದೊಯ್ದರೆ ಪಕ್ಕದ ಸಾಲಿನ ಕುಡುಕರ ಬೈಗುಳ, ಹತ್ತು ಗಂಟೆಗೆ ಮುಗಿಯುವ ಆಟ, ಆಮೇಲೆ ನಾಲ್ಕು ತಾಸು ಪ್ರಯಾಣ. ಇನ್ನೊಂದು ಅಪಾಯ ಮನೆಯೊಳಗಿನದು. ಸೋತಾಗ ಅಪ್ಪ ರಿಮೋಟ್ ಎಸೆಯುವ ಮನೆಯಲ್ಲಿ ಮಗುವಿಗೆ ಶನಿವಾರ ಬಂದರೆ ಭಯ. ಅಂಥ ಮಕ್ಕಳು ದೊಡ್ಡವರಾಗಿ ತಂಡದ ಹೆಸರೆತ್ತಿದರೆ ಎದ್ದು ಹೋಗುತ್ತಾರೆ.

ಓದದವರೂ ನಮ್ಮವರೇ

ಪದವಿಗೂ ಅಭಿಮಾನಕ್ಕೂ ಸಂಬಂಧ ಎಷ್ಟು ತೆಳುವೆಂದು ತಿಳಿಯಲು ನೋಟರ್ ಡೇಮ್ ನೋಡಬೇಕು. ಇಂಡಿಯಾನಾ ರಾಜ್ಯದ ಈ ಕ್ಯಾಥೊಲಿಕ್ ವಿಶ್ವವಿದ್ಯಾಲಯದ ತಂಡ 1920ರ ದಶಕದಲ್ಲಿ ಕೋಚ್ ಕ್ನೂಟ್ ರಾಕ್ನಿಯ ಕಾಲಕ್ಕೆ ದೇಶ ಸುತ್ತಿ ಆಡಿತು. ನ್ಯೂಯಾರ್ಕಿನಲ್ಲಿ ಸೇನಾ ಅಕಾಡೆಮಿಯ ತಂಡವನ್ನು ಎದುರಿಸುವಾಗ ಐರಿಷ್, ಇಟಾಲಿಯನ್, ಪೋಲಿಷ್ ವಲಸಿಗರ ಮಕ್ಕಳು ನೆಲದಡಿಯ ರೈಲು ಹತ್ತಿ ಬಂದರು. ಪ್ರೊಟೆಸ್ಟಂಟರು ಬಹುಸಂಖ್ಯಾತರಾದ ದೇಶದಲ್ಲಿ ‘ನಮ್ಮವರು’ ಗೆಲ್ಲುತ್ತಿದ್ದರು, ಅಷ್ಟು ಸಾಕಾಯಿತು. ಕಾಲೇಜು ಕಾಣದ ಈ ಅಭಿಮಾನಿಗಳಿಗೆ ‘ಸಬ್‌ವೇ ಅಲುಮ್ನೈ’ ಎಂದೇ ಹೆಸರು ಬಿತ್ತು.

ಅಲಬಾಮಾದಲ್ಲಿ ಇದು ಇನ್ನೂ ಗಾಢ. ಅಲ್ಲಿ ಮಗು ಶಾಲೆಗೆ ಸೇರಿದ ವಾರವೇ ರಾಜ್ಯದ ಎರಡು ವೈರಿ ವಿಶ್ವವಿದ್ಯಾಲಯಗಳಲ್ಲಿ ಅಲಬಾಮಾನೋ ಆಬರ್ನೋ ಎಂದು ಹೇಳಬೇಕು. ‘ಎರಡೂ’ ಎಂಬ ಉತ್ತರಕ್ಕೆ ಬೆಲೆಯಿಲ್ಲ. ಗಂಡ ಹೆಂಡತಿ ಬೇರೆ ಬೇರೆ ಪಕ್ಷವಾದರೆ ಕಾರಿಗೆ ‘ಒಡೆದ ಮನೆ’ ಎಂಬ ಫಲಕವೇ ಸಿಗುತ್ತದೆ. ಈ ವೈರ ವಿಕಾರಕ್ಕೂ ತಿರುಗಿದ್ದುಂಟು: ಆಬರ್ನ್ ಅಭಿಮಾನಿಗಳು ಗೆದ್ದಾಗ ಕಾಗದದ ಸುರುಳಿ ಎಸೆದು ಸಂಭ್ರಮಿಸುತ್ತಿದ್ದ ಟೂಮರ್ಸ್ ಕಾರ್ನರ್‌ನ ಓಕ್ ಮರಗಳಿಗೆ ಅಲಬಾಮಾ ಅಭಿಮಾನಿಯೊಬ್ಬ ವಿಷ ಹಾಕಿ, 2011ರ ಜನವರಿಯಲ್ಲಿ ರೇಡಿಯೊಗೆ ಫೋನ್ ಮಾಡಿ ತಾನೇ ಹೇಳಿಕೊಂಡ. 2013ರಲ್ಲಿ ಮರಗಳನ್ನು ತೆಗೆಯಬೇಕಾಯಿತು.

ವೈರಿ ಇಲ್ಲದೆ ನಿಷ್ಠೆ ಗಟ್ಟಿಯಾಗುವುದಿಲ್ಲ ಎಂಬುದು ಸಂಶೋಧಕರಿಗೂ ಗೊತ್ತು. ಡೇನಿಯಲ್ ವ್ಯಾನ್ ಮತ್ತು ನೈಲಾ ಬ್ರಾನ್ಸ್‌ಕೋಂಬ್ 1993ರಲ್ಲಿ ರೂಪಿಸಿದ ಅಭಿಮಾನದ ಅಳತೆಗೋಲಿನಲ್ಲಿ ಏಳು ಪ್ರಶ್ನೆ, ಒಂದೊಂದಕ್ಕೆ ಎಂಟರ ತನಕ ಅಂಕ. ತಂಡ ಗೆಲ್ಲುವುದು ನಿಮಗೆ ಎಷ್ಟು ಮುಖ್ಯ, ತಂಡದ ಗುರುತನ್ನು ಎಷ್ಟು ಸಲ ತೊಡುತ್ತೀರಿ ಎಂಬವುಗಳ ಸಾಲಿನಲ್ಲೇ ಒಂದು ಪ್ರಶ್ನೆ: ನಿಮ್ಮ ತಂಡದ ಪರಮ ವೈರಿಯನ್ನು ಎಷ್ಟು ದ್ವೇಷಿಸುತ್ತೀರಿ? ಈ ಪ್ರಶ್ನೆ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಇನ್ನು ಇಪ್ಪತ್ತೆರಡರ ವಯಸ್ಸಿನಲ್ಲಿ ಒಳಗೆ ಬರುವವರ ಕಥೆ ಬೇರೆ, ಕನ್ನಡಿಗರಿಗೆ ನೇರ ಸಂಬಂಧವಿರುವುದೂ ಇಲ್ಲಿಯೇ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಿಂದ ಎಂಎಸ್ ಮಾಡಲು ಪರ್ಡ್ಯೂ, ಟೆಕ್ಸಸ್ ಎ ಆ್ಯಂಡ್ ಎಂ, ಅರಿಜೋನಾ ಸ್ಟೇಟ್ ಮೊದಲಾದೆಡೆ ಹೋಗುವವರು ಇಳಿಯುವುದು ಆಗಸ್ಟ್ ಮಧ್ಯಕ್ಕೆ. ಮೊದಲ ತವರಿನ ಪಂದ್ಯ ಬರುವುದು ಎರಡು ಮೂರು ವಾರದಲ್ಲಿ, ಬಾಡಿಗೆ ಮನೆಗೆ ಹಾಸಿಗೆ ಕೂಡ ಬಂದಿರುವುದಿಲ್ಲ. ಅಂಥ ಹೊತ್ತಿಗೆ ಇಡೀ ಊರು ಒಂದೇ ಬಣ್ಣ ತೊಟ್ಟು ಬೀದಿಗೆ ಇಳಿದರೆ ಸೇರಿಕೊಳ್ಳುವುದೇ ಸುಲಭ.

ಟೆಕ್ಸಸ್ ಎ ಆ್ಯಂಡ್ ಎಂನಲ್ಲಿ ಈ ಸೇರಿಕೆಗೆ ವ್ಯವಸ್ಥೆಯೇ ಇದೆ. 1922ರ ಜನವರಿ 2ರಂದು ಗಾಯಾಳುಗಳಿಂದ ತಂಡ ಬರಿದಾಗುತ್ತಿದ್ದಾಗ ಕಿಂಗ್ ಗಿಲ್ ಎಂಬ ವಿದ್ಯಾರ್ಥಿ ಗ್ಯಾಲರಿಯಿಂದ ಇಳಿದು, ಸಮವಸ್ತ್ರ ತೊಟ್ಟು ಪಂದ್ಯ ಮುಗಿಯುವವರೆಗೂ ಕಾದು ನಿಂತ. ಆಡುವ ಪ್ರಸಂಗವೇ ಬರಲಿಲ್ಲ. ಅದರ ನೆನಪಿಗೆ ವಿದ್ಯಾರ್ಥಿಗಳು ಇಂದಿಗೂ ಪಂದ್ಯವಿಡೀ ನಿಂತೇ ಇರುತ್ತಾರೆ. ಹಿಂದಿನ ಮಧ್ಯರಾತ್ರಿ ಸ್ಟೇಡಿಯಂನಲ್ಲಿ ಕೂಗು ಅಭ್ಯಾಸ ಮಾಡುತ್ತಾರೆ. ಆಟದ ನಿಯಮ ಗೊತ್ತಿಲ್ಲದ ಹೊಸಬನಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ: ಯಾವಾಗ ಬಾಗಬೇಕು, ಯಾವಾಗ ಕೂಗಬೇಕು ಎಂದು ಕಲಿತರೆ ಸಾಕು, ಹತ್ತು ಗಜದ ಲೆಕ್ಕ ತಾನಾಗಿ ಬರುತ್ತದೆ.

ಕೈತಪ್ಪುವುದು ಸಣ್ಣ ಕಾರಣಗಳಿಗೆ. ವಿದ್ಯಾರ್ಥಿ ಟಿಕೆಟ್ ಪಡೆಯುವ ದಿನಾಂಕ, ತಾಸು ಮೊದಲೇ ಗೊತ್ತಾಗಿರುತ್ತದೆ. ಲ್ಯಾಬಿನಲ್ಲಿ ಮುಳುಗಿದವರು ಮರೆಯುತ್ತಾರೆ. ಹೋದರೂ ಊರಿನವರ ಗುಂಪಿನಲ್ಲೇ ಹೋಗಿ, ಏನೂ ಅರ್ಥವಾಗದೆ ಅರ್ಧಕ್ಕೆ ಎದ್ದು ಬರುತ್ತಾರೆ. ಆಟ ಬಲ್ಲ ಒಬ್ಬ ಲ್ಯಾಬ್‌ಮೇಟ್ ಪಕ್ಕದಲ್ಲಿದ್ದರೆ ಫಲಿತಾಂಶವೇ ಬೇರೆ. ಎಂಟು ವರ್ಷದ ಮಗುವಿಗೆ ಅಜ್ಜ ಮಾಡಿದ್ದನ್ನು ಇಲ್ಲಿ ಅವನು ಮಾಡುತ್ತಾನೆ. ಹಾಗೆ ಅಂಟಿಕೊಂಡವರು ಬೆಂಗಳೂರಿಗೆ ಮರಳಿದ ಮೇಲೂ ಬಿಡುವುದಿಲ್ಲ. ಪೂರ್ವ ಕರಾವಳಿಯ ಮಧ್ಯಾಹ್ನ 12ರ ಪಂದ್ಯ ಇಲ್ಲಿ ಶನಿವಾರ ರಾತ್ರಿ 9.30ಕ್ಕೆ, ಅಲ್ಲಿ ಸಂಜೆ 7ಕ್ಕಾದರೆ ಇಲ್ಲಿ ಭಾನುವಾರ ನಸುಕಿನ 4.30, ಹಾಲಿನವನು ಬರುವ ಮುಂಚೆ. ನವೆಂಬರ್ ಮೊದಲ ಭಾನುವಾರ ಅಲ್ಲಿ ಗಡಿಯಾರ ಹಿಂದಿಟ್ಟ ಮೇಲೆ ಎರಡಕ್ಕೂ ಒಂದು ತಾಸು ಸೇರಿಸಿಕೊಳ್ಳಬೇಕು.

ದುಡ್ಡಿನ ಗಲಾಟೆ

ಈಗ ಆಟಗಾರರ ವಿಷಯ. 2021ರ ಜುಲೈ 1ರಿಂದ ಆಟಗಾರರು ತಮ್ಮ ಹೆಸರು, ಚಿತ್ರ, ಜನಪ್ರಿಯತೆಯಿಂದ ಹಣ ಮಾಡಬಹುದು. ಎನ್‌ಐಎಲ್ ಎನ್ನುವುದು ಇದಕ್ಕೇ. 2025ರ ಜೂನ್ 6ರಂದು ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್ ಒಪ್ಪಿದ ‘ಹೌಸ್’ ಒಪ್ಪಂದದಂತೆ ವಿಶ್ವವಿದ್ಯಾಲಯಗಳೇ ಆಟಗಾರರಿಗೆ ನೇರ ಪಾಲು ಕೊಡಬಹುದು. ಮೊದಲ ವರ್ಷ ಎಲ್ಲ ಆಟಗಳೂ ಸೇರಿ ಒಂದು ವಿಶ್ವವಿದ್ಯಾಲಯಕ್ಕೆ ಮಿತಿ ಸುಮಾರು 2.05 ಕೋಟಿ ಡಾಲರ್. ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ದಾಖಲಿಸುವ ‘ಟ್ರಾನ್ಸ್‌ಫರ್ ಪೋರ್ಟಲ್’ 2018ರಲ್ಲಿ ತೆರೆಯಿತು. ಬೇರೆ ಕಾಲೇಜಿಗೆ ಹೋದವರು ಒಂದು ವರ್ಷ ಆಡದೆ ಕೂರಬೇಕೆಂಬ ನಿಯಮ 2021ರಲ್ಲಿ ಸಡಿಲಗೊಂಡು ಆಮೇಲೆ ಹೊರಟೇಹೋಯಿತು.

ಅದಕ್ಕೂ ಮುಂಚೆ ಕೋಚ್‌ಗಳು ಕೋಟಿಗಟ್ಟಲೆ ತೆಗೆದುಕೊಂಡು, ಒಪ್ಪಂದ ಮುರಿದು, ರಾತ್ರೋರಾತ್ರಿ ಊರು ಬಿಡುತ್ತಿದ್ದಾಗ ‘ನಿಷ್ಠೆ ಸತ್ತಿತು’ ಎಂಬ ಕೂಗು ಇಷ್ಟು ಜೋರಾಗಿರಲಿಲ್ಲ. ಬಿಡುವ ಚಾಳಿ ಈಗಲೂ ನಿಂತಿಲ್ಲ. 2025ರ ನವೆಂಬರ್ ಕೊನೆಗೆ ಕೋಚ್ ಲೇನ್ ಕಿಫಿನ್, ರಾಷ್ಟ್ರೀಯ ಪ್ಲೇಆಫ್‌ಗೆ ಹೊರಟು ನಿಂತ ಮಿಸಿಸಿಪಿ ತಂಡವನ್ನು ಬಿಟ್ಟು ಅದೇ ಲೀಗಿನ ಲೂಸಿಯಾನಾ ಸ್ಟೇಟ್ (ಎಲ್‌ಎಸ್‌ಯು) ತಂಡಕ್ಕೆ ಹೋದರು. ಇಪ್ಪತ್ತರ ಹುಡುಗ ಅದನ್ನೇ ಮಾಡಿದರೆ ದ್ರೋಹ ಎನ್ನುವುದು ನ್ಯಾಯವಲ್ಲ.

ಆಟಗಾರ ಹೊಸಬನಾದರೆ ಅಭಿಮಾನ ಹುಟ್ಟುವುದಿಲ್ಲವೇ? ಇಂಡಿಯಾನಾ ವಿಶ್ವವಿದ್ಯಾಲಯವನ್ನು ನೋಡಿ. ಬಾಸ್ಕೆಟ್‌ಬಾಲ್ ಊರು, ಫುಟ್‌ಬಾಲಿನಲ್ಲಿ ಸೋಲಿನ ಪಟ್ಟಿಯ ತುದಿಯಲ್ಲಿದ್ದ ತಂಡ. 2023ರ ಕೊನೆಗೆ ಬಂದ ಕೋಚ್ ಕರ್ಟ್ ಸಿಗ್ನೆಟಿ ತಮ್ಮ ಹಳೇ ಕಾಲೇಜಿನಿಂದ ಹತ್ತಕ್ಕೂ ಹೆಚ್ಚು ಹುಡುಗರನ್ನು ಪೋರ್ಟಲ್ ಮೂಲಕ ಕರೆತಂದರು. ಹಿಂದೆಂದೂ ಒಂದೇ ಸೀಸನ್ನಿನಲ್ಲಿ ಹತ್ತು ಪಂದ್ಯ ಗೆಲ್ಲದಿದ್ದ ತಂಡ 2024ರಲ್ಲಿ ಹನ್ನೊಂದು ಗೆದ್ದಿತು. 2025ರಲ್ಲಿ ಕ್ಯಾಲಿಫೋರ್ನಿಯಾದಿಂದ ಬಂದ ಕ್ವಾರ್ಟರ್‌ಬ್ಯಾಕ್ ಫರ್ನಾಂಡೊ ಮೆಂಡೋಜಾ ಮೊದಲ ವರ್ಷವೇ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಿಗುವ ಹೈಸ್‌ಮನ್ ಪ್ರಶಸ್ತಿ ಪಡೆದ. ತಂಡ ಒಂದೂ ಸೋಲದೆ ರಾಷ್ಟ್ರೀಯ ಚಾಂಪಿಯನ್ ಆಯಿತು. ವಿಶ್ವವಿದ್ಯಾಲಯದ ಊರಾದ ಬ್ಲೂಮಿಂಗ್ಟನ್ನಿನಲ್ಲಿ ಅವನನ್ನು ‘ಹೊರಗಿನವ’ ಎಂದವರಿಲ್ಲ. ಆ ಊರಿಗೆ ವಿಶ್ವವಿದ್ಯಾಲಯದ ಮೇಲಿನ ಒಲವು ಬಾಸ್ಕೆಟ್‌ಬಾಲಿನಿಂದ ಮೊದಲೇ ಇತ್ತು, ಗೆಲುವು ಬತ್ತಿಗೆ ಕಿಡಿ ಹಚ್ಚಿತು ಅಷ್ಟೇ.

ಬೆಂಗಳೂರಿನವರಿಗೆ ಇದು ಹೊಸ ಪಾಠವಲ್ಲ. ಆರ್‌ಸಿಬಿ 2008ರಿಂದಲೂ ಹರಾಜಿನಲ್ಲಿ ಕೊಂಡ ಆಟಗಾರರ ತಂಡ. 2025ರ ಜೂನ್ 3ರಂದು ಕಪ್ ಬರುವವರೆಗೆ ಹದಿನೆಂಟು ಸೀಸನ್ ‘ಈ ಸಲ ಕಪ್ ನಮ್ದೇ’ ಎಂದವರು ಯಾರ ಊರು ಯಾವುದೆಂದು ಕೇಳಲಿಲ್ಲ. ಒಂದು ವ್ಯತ್ಯಾಸವಿದೆ: ಇಲ್ಲಿ ಹದಿನೆಂಟೂ ವರ್ಷ ಕೊಹ್ಲಿ ಇದ್ದರು. ಕಾಲೇಜು ಫುಟ್‌ಬಾಲಿನಲ್ಲಿ ಹಾಗೆ ಉಳಿಯುವ ಆಟಗಾರ ಹಿಂದೆಯೂ ಇರಲಿಲ್ಲ, ಮುಂದೆಯೂ ಇರುವುದಿಲ್ಲ. ಆ ಜಾಗ ತುಂಬಿದ್ದು ಕೋಚ್. ನೆಬ್ರಾಸ್ಕಾದಲ್ಲಿ ಟಾಮ್ ಆಸ್ಬೋರ್ನ್ 1973ರಿಂದ 1997ರವರೆಗೆ 25 ಸೀಸನ್ ನಿಂತರು, ಆಮೇಲೆ ಜನ ಅವರನ್ನು ಸಂಸತ್ತಿಗೂ ಕಳಿಸಿದರು.

ಸವೆಯುತ್ತಿರುವುದು ಎಲ್ಲಿ

ದುಡ್ಡು, ಪೋರ್ಟಲ್‌ಗಳ ನಿಜವಾದ ಪೆಟ್ಟು ಅಡ್ಡದಾರಿಯಿಂದ ಬೀಳುತ್ತದೆ. ನೆಬ್ರಾಸ್ಕಾದ ಅಭಿಮಾನದ ಒಂದು ಕಂಬ ‘ವಾಕ್-ಆನ್’ ಪದ್ಧತಿ. ವಿದ್ಯಾರ್ಥಿವೇತನವಿಲ್ಲದೆ, ಸ್ವಂತ ಖರ್ಚಿನಲ್ಲಿ ಸೇರಿ ಬೆವರು ಸುರಿಸುವ ಹಳ್ಳಿ ಹುಡುಗರವರು. ಅಂಥವನೊಬ್ಬ ವರ್ಷದಲ್ಲಿ ನಾಲ್ಕು ನಿಮಿಷ ಆಡಿದರೂ ಅವನ ಊರಿನ ಎಂಟುನೂರು ಜನ ಆಡಿದಂತೆ. ಹೌಸ್ ಒಪ್ಪಂದ ವಿದ್ಯಾರ್ಥಿವೇತನದ 85ರ ಮಿತಿಯನ್ನು ತೆಗೆದು, ಇಡೀ ತಂಡಕ್ಕೆ 105ರ ಮಿತಿ ಹಾಕಿತು. ಆಗಲೇ ತಂಡದಲ್ಲಿದ್ದವರಿಗೆ ವಿನಾಯಿತಿ ಸಿಕ್ಕಿತು, ಮುಂದೆ ಬರುವವರಿಗೆ ಇಲ್ಲ. ಕಡಿಮೆಯಾಗುವುದು ಈ ಹಳ್ಳಿ ಹುಡುಗರ ಜಾಗವೇ.

ಇನ್ನೊಂದು ವಸಂತದ ಪಂದ್ಯ. ಏಪ್ರಿಲ್‌ನಲ್ಲಿ ತಂಡ ತನ್ನೊಳಗೇ ಎರಡಾಗಿ ಆಡುವ ಈ ಪ್ರದರ್ಶನಕ್ಕೆ ಟಿಕೆಟ್ ಅಗ್ಗ, ಹಿತವಾದ ಹಗಲು, ಸೋಲಿನ ಭಯವಿಲ್ಲ. ಮಗುವಿನ ಮೊದಲ ಭೇಟಿಗೆ ಇದಕ್ಕಿಂತ ಪ್ರಶಸ್ತ ದಿನವಿಲ್ಲ. ಲಿಂಕನ್‌ನಲ್ಲಿ ಇದಕ್ಕೇ ಅರವತ್ತು ಸಾವಿರ ಜನ ಸೇರಿದ್ದುಂಟು. 2025ರಲ್ಲಿ ಕೋಚ್ ಮ್ಯಾಟ್ ರೂಲ್ ಅದನ್ನು ಮಾಮೂಲಿ ರೂಪದಲ್ಲಿ ನಡೆಸಲಿಲ್ಲ. ಟಿವಿಯಲ್ಲಿ ಮಿಂಚಿದ ಹುಡುಗನನ್ನು ಬೇರೆ ಕಾಲೇಜಿನವರು ಪೋರ್ಟಲ್ ಮೂಲಕ ಹಾರಿಸಿಕೊಂಡು ಹೋಗುತ್ತಾರೆ ಎಂಬ ಆತಂಕ. ಟೆಕ್ಸಸ್ ಸೇರಿ ಇನ್ನೂ ಕೆಲವು ಕಡೆ ಆ ವರ್ಷ ವಸಂತದ ಪಂದ್ಯ ನಡೆಯಲಿಲ್ಲ. 2026ರಿಂದ ಪೋರ್ಟಲಿನ ವಸಂತದ ಅವಧಿ ರದ್ದಾಗಿ ಜನವರಿಯದೊಂದೇ ಉಳಿದಿದೆ. ಅಂದರೆ ಆ ನೆಪ ಈಗ ಇಲ್ಲ. ಪಂದ್ಯ ಎಲ್ಲೆಡೆ ಮರಳುತ್ತದೋ ನೋಡಬೇಕು.

ಆರಂಭದ ವೇಳೆಯನ್ನು ಈಗ ಟಿವಿ ಗೊತ್ತುಮಾಡುತ್ತದೆ. ಎಷ್ಟೋ ಪಂದ್ಯಗಳ ವೇಳೆ ತಿಳಿಯುವುದು ಹನ್ನೆರಡು ದಿನ ಮುಂಚೆ, ಕೆಲವೊಮ್ಮೆ ಆರೇ ದಿನ. ರಾಜ್ಯದ ಪಶ್ಚಿಮ ತುದಿಯ ಸ್ಕಾಟ್ಸ್‌ಬ್ಲಫ್‌ನಿಂದ ಲಿಂಕನ್‌ಗೆ ಸುಮಾರು 640 ಕಿ.ಮೀ. ಬೆಳಗ್ಗೆ 11ಕ್ಕಾದರೆ ಹಿಂದಿನ ರಾತ್ರಿ ಹೋಟೆಲ್, ಸಂಜೆ 6.30ಕ್ಕಾದರೆ ಆ ರಾತ್ರಿ ಹೋಟೆಲ್. ಯಾವುದೆಂದು ತಿಳಿಯುವ ಹೊತ್ತಿಗೆ ಕೋಣೆ ದುಬಾರಿ. ದನ ಸಾಕಿದ ಮನೆ ಈ ಅನಿಶ್ಚಿತತೆಗೆ ಮಕ್ಕಳನ್ನು ಕಟ್ಟಿಕೊಂಡು ಎಷ್ಟು ಸಲ ಹೊರಟೀತು?

ಸೀಸನ್ ಟಿಕೆಟ್ಟಿನ ಬೆಲೆ ಒಂದು, ಆ ಸೀಟಿನ ಹಕ್ಕಿಗೆ ಕೊಡಬೇಕಾದ ವಾರ್ಷಿಕ ‘ದೇಣಿಗೆ’ ಇನ್ನೊಂದು. ಎಷ್ಟು ವರ್ಷದಿಂದ ಕೊಟ್ಟಿದ್ದೀರಿ, ಎಷ್ಟು ಕೊಟ್ಟಿದ್ದೀರಿ ಎಂಬುದರ ಮೇಲೆ ಅಂಕ. ಅಂಕದ ಮೇಲೆ ಸೀಟು. 2017ರ ತೆರಿಗೆ ಕಾಯ್ದೆಗೆ ಮುಂಚೆ ಈ ದೇಣಿಗೆಯ ಶೇ 80ಕ್ಕೆ ತೆರಿಗೆ ವಿನಾಯಿತಿ ಇತ್ತು, 2018ರಿಂದ ಅದಿಲ್ಲ. ನಿವೃತ್ತರಾದ ಅಜ್ಜ ಅಜ್ಜಿ ನಾಲ್ಕು ಸೀಟನ್ನು ಎರಡಕ್ಕಿಳಿಸಿದಾಗ ಹೋಗುವುದು ಮೊಮ್ಮಕ್ಕಳ ಎರಡು. ಇದಕ್ಕೇ ಆ ‘ಮಾರಾಟವಾದ’ ಟಿಕೆಟ್‌ಗಳ ದಾಖಲೆಯನ್ನು ಜೋಪಾನವಾಗಿ ಓದಬೇಕು. 2021ರಲ್ಲಿ ನೆಬ್ರಾಸ್ಕಾದ ಸರಣಿ ಮುರಿಯುವ ಹಾಗಾದಾಗ ದಾನಿಗಳು ಮಿಕ್ಕ ಟಿಕೆಟ್ ಕೊಂಡು ಬಡ ಮಕ್ಕಳಿಗೆ ಹಂಚಿದರು. ನನ್ನ ಎಣಿಕೆಯಲ್ಲಿ ಅದು ಸರಣಿ ಉಳಿಸಿದ್ದಕ್ಕಿಂತ ದೊಡ್ಡ ಕೆಲಸ, ಅವರು ಹಾಗೆಂದುಕೊಳ್ಳದಿದ್ದರೂ.

ವಿದ್ಯಾರ್ಥಿಗಳ ಸಾಲು ಖಾಲಿಯಾಗುವುದು ದೊಡ್ಡ ತಂಡಗಳಿಗೂ ತಪ್ಪಿಲ್ಲ. ಅಲಬಾಮಾ ವಿಶ್ವವಿದ್ಯಾಲಯ 2019ರಲ್ಲಿ ಒಂದು ಆ್ಯಪ್ ತಂದಿತು. ಪಂದ್ಯಕ್ಕೆ ಬಂದರೆ 100 ಅಂಕ, ನಾಲ್ಕನೇ ಕ್ವಾರ್ಟರ್‌ವರೆಗೆ ಉಳಿದರೆ ಇನ್ನೂ 250. ಫೋನು ಎಲ್ಲಿದೆಯೆಂದು ನೋಡಿ ಲೆಕ್ಕ. ಗೆಲ್ಲುತ್ತಲೇ ಇದ್ದ ತಂಡವದು. ಗೆಲುವೇ ಎಲ್ಲವಾಗಿದ್ದರೆ ಹುಡುಗರನ್ನು ಹೀಗೆ ಅಂಕ ಕೊಟ್ಟು ಕೂರಿಸುವ ಗತಿ ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಆಳದ ಗಾಯ ಲೀಗುಗಳ ಒಡಕು. ‘ಕಾನ್ಫರೆನ್ಸ್’ ಎಂದರೆ ನೆರೆಹೊರೆಯ ಕಾಲೇಜುಗಳ ಕೂಟ ಎಂಬ ಅರ್ಥ ಟಿವಿ ಹಣದ ಮುಂದೆ ಕರಗಿತು. 2024ರಲ್ಲಿ ಟೆಕ್ಸಸ್ ಮತ್ತು ಒಕ್ಲಹೋಮಾ ಆಗ್ನೇಯ ರಾಜ್ಯಗಳ ಕೂಟವಾದ ಎಸ್‌ಇಸಿಗೆ ಹೋದವು. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಈಗ ‘ಬಿಗ್ ಟೆನ್’ ಎಂಬ ಹದಿನೆಂಟರ ಕೂಟದಲ್ಲಿ, ನಾಲ್ಕು ಸಾವಿರ ಕಿ.ಮೀ.ಗೆ ಹತ್ತಿರದ ನ್ಯೂಜೆರ್ಸಿಯ ರಟ್ಗರ್ಸ್ ಜೊತೆ. ನೂರು ವರ್ಷ ದಾಟಿದ, ಪಶ್ಚಿಮ ಕರಾವಳಿಯ ಪ್ಯಾಕ್-12 ಕೂಟದಲ್ಲಿ 2024ಕ್ಕೆ ಉಳಿದದ್ದು ಒರೆಗಾನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಪರಮ ವೈರಿಯನ್ನು ಎಷ್ಟು ದ್ವೇಷಿಸುತ್ತೀರಿ ಎಂಬ ಆ ಪ್ರಶ್ನೆಗೆ ಉತ್ತರವಾಗಿದ್ದ ವೈರಿಯೇ ಕ್ಯಾಲೆಂಡರಿನಿಂದ ಮಾಯ.

ನೆಬ್ರಾಸ್ಕಾ ಇದನ್ನು ಮೊದಲೇ ಉಂಡಿದೆ. ಒಕ್ಲಹೋಮಾ ಜೊತೆ 1928ರಿಂದ 1997ರವರೆಗೆ ವರ್ಷ ತಪ್ಪದೆ ಆಡಿದ್ದರು. 1971ರ ಥ್ಯಾಂಕ್ಸ್‌ಗಿವಿಂಗ್ ದಿನ 35-31ರಲ್ಲಿ ಗೆದ್ದ ಪಂದ್ಯವನ್ನು ಮುದುಕರು ಇಂದಿಗೂ ಆಟ ಆಟವಾಗಿ ಬಿಡಿಸಿ ಹೇಳುತ್ತಾರೆ. ಮೊದಲು ಲೀಗು ಹಿಗ್ಗಿ ಪಂದ್ಯ ವಿರಳವಾಯಿತು, 2011ರಲ್ಲಿ ನೆಬ್ರಾಸ್ಕಾ ಬಿಗ್ ಟೆನ್‌ಗೆ ಹೋದ ಮೇಲೆ ಲೀಗಿನ ಪಂದ್ಯವಾಗಿ ನಿಂತೇಹೋಯಿತು. ಪಕ್ಕದ ಅಯೋವಾ ಹೊಸ ವೈರಿಯಾಗಿ ಒದಗಿತು, ಗಡಿ ಹಂಚಿಕೊಂಡ ರಾಜ್ಯವಾದ್ದರಿಂದ. ಆದರೂ ನಿಜವಾದ ಕಹಿ ಹುಟ್ಟಲು ಹತ್ತು ವರ್ಷ ಹಿಡಿಯಿತು.

ಮರಳಿ ಬಂದದ್ದೂ ಉಂಟು. 2011ರಲ್ಲಿ ನಿಂತ ಟೆಕ್ಸಸ್ ಮತ್ತು ಟೆಕ್ಸಸ್ ಎ ಆ್ಯಂಡ್ ಎಂ ಪಂದ್ಯ 2024ರ ನವೆಂಬರ್ 30ರಂದು ಮತ್ತೆ ನಡೆಯಿತು, ಎರಡೂ ಒಂದೇ ಲೀಗಿಗೆ ಬಂದದ್ದರಿಂದ. ಆದರೆ ಅದೇ ಸ್ಥಳಾಂತರ ಇನ್ನೊಂದನ್ನು ಕೊಂದಿತು. ಒಕ್ಲಹೋಮಾದ ನಾರ್ಮನ್ ಮತ್ತು ಸ್ಟಿಲ್‌ವಾಟರ್ ನಡುವೆ 130 ಕಿ.ಮೀ. ದೂರ. ಎರಡೂ ಊರಿನ ವಿಶ್ವವಿದ್ಯಾಲಯಗಳು ಶತಮಾನಕ್ಕೂ ಹೆಚ್ಚು ಕಾಲ ಆಡಿದ ‘ಬೆಡ್‌ಲಮ್’ ಪಂದ್ಯ 2023ರ ನವೆಂಬರ್ 4ರಂದು ಸ್ಟಿಲ್‌ವಾಟರ್‌ನಲ್ಲಿ ನಡೆದು, ಆತಿಥೇಯರು 27-24ರಲ್ಲಿ ಗೆದ್ದರು. ವಾರ್ಷಿಕ ಸರಣಿ ಅಲ್ಲಿಗೆ ನಿಂತಿತು. ಆ ವರ್ಷ ಅಲ್ಲಿ ಹುಟ್ಟಿದ ಮಗುವಿಗೆ ಎಂಟು ತುಂಬುವುದು 2031ರಲ್ಲಿ.